ಕುದುರೆಗಾಡಿ ಕಾಲದ ಟೆಲಿಫೋನು

ಅಂಟಣ್ಣನಿಗೆ ಕೊಲೆಯೆಂದರೆ ಪ್ರಾಣ. ಹಾಗೆಂದು ಯಾರೂ ಹೆದರಬೇಕಾಗಿಲ್ಲ. ಅವನ ಕೈಯಲ್ಲಿ ಒಂದು ಸೊಳ್ಳೆಯೂ ನೆಟ್ಟಗೆ ಸತ್ತದ್ದಿಲ್ಲ. ಅವನಿಗೆ ಬೇಕಾದದ್ದು ಪುಸ್ತಕದೊಳಗಿನ ಕೊಲೆ, ಅದೂ ಹಿತಮಿತವಾದದ್ದು. ಹೆಣ ಬೀಳಬೇಕು, ರಕ್ತ ಕಾಣಬಾರದು. ಹೆಣ ಬಿದ್ದ ಮೇಲೆ ಉಳಿದವರೆಲ್ಲ ಬೆಚ್ಚಗಿನ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತ ಒಬ್ಬರನ್ನೊಬ್ಬರು ಅನುಮಾನಿಸಬೇಕು. ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಎಲ್ಲರನ್ನೂ ಸುತ್ತ ಕೂರಿಸಿ, ಗಂಟಲು ಸರಿಮಾಡಿಕೊಂಡು, ‘ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ’ ಎನ್ನಬೇಕು. ಇಷ್ಟು ಸಿಕ್ಕಿದರೆ ಅಂಟಣ್ಣ ಊಟ ಬಿಟ್ಟಾನು. ಇದರಲ್ಲೂ ಎರಡು ಬಗೆಯವು ಅವನಿಗೆ ಪಂಚಪ್ರಾಣ. ಒಂದು, ವರ್ಷದ ಕೊನೆಯ ರಜೆಗೆ ನಂಟರೆಲ್ಲ ದೊಡ್ಡ ಮನೆಯಲ್ಲಿ ಸೇರಿ, ಹಿಮ ಬಿದ್ದು ದಾರಿ ಮುಚ್ಚಿ, ಆಸ್ತಿಯುಳ್ಳ ಅಜ್ಜಿ ಕುರ್ಚಿಯಲ್ಲೇ ಸತ್ತಿರುವಂಥದ್ದು. ಇನ್ನೊಂದು ರಾಜರ ಕಾಲದ್ದು; ಕುದುರೆಗಾಡಿ, ಕಂದೀಲು, ದಾರಿಬದಿಯ ತಂಗುಮನೆ, ಅಲ್ಲೊಂದು ಹೆಣ. “ನಂಟರೆಲ್ಲ ರಜೆಗೆ ಬಂದು ಕೂತರೆ ಕೊಲೆ ಆಗದೆ ಇನ್ನೇನಾಗತ್ತೆ?” ಎಂದು ಅವನು ಆಗಾಗ ಹೇಳುತ್ತಿದ್ದ. ಹೆಂಡತಿಯ ಕಡೆಯವರು ಯಾರೂ ಇದನ್ನು ಇನ್ನೂ ಕೇಳಿಸಿಕೊಂಡಿರಲಿಲ್ಲ.

ಇಂಥವನಿಗೆ ಒದಗಿದ ಕಸುಬು ಪುಸ್ತಕ ಕಟ್ಟುವುದು. ಕೈಗೆ, ಅಂಗಿಗೆ, ಒಮ್ಮೊಮ್ಮೆ ಹುಬ್ಬಿಗೂ ಮೈದಾ ಅಂಟು ಮೆತ್ತಿಕೊಂಡೇ ಓಡಾಡುತ್ತಿದ್ದನಾದ್ದರಿಂದ ಬೀದಿಯವರು ಅಂಟಣ್ಣ ಎಂದು ಕರೆದರು. ನಿಜವಾದ ಹೆಸರು ಹೆಂಡತಿಗೂ ಸ್ವಲ್ಪ ಯೋಚಿಸಿದ ಮೇಲೆಯೇ ನೆನಪಾಗುತ್ತಿತ್ತು. ಊರ ಲೈಬ್ರರಿಯ ಹರಿದ ಪುಸ್ತಕಗಳೆಲ್ಲ ಅವನ ಮನೆಯ ಮುಂದಿನ ಕೋಣೆಗೆ ಬರುತ್ತಿದ್ದವು. ಹೊತ್ತು ತರುತ್ತಿದ್ದವನು ಅವನ ಬಾಮೈದ, ಹೆಂಡತಿಯ ತಮ್ಮ. ಲೈಬ್ರರಿಯಲ್ಲಿ ಸಹಾಯಕ, ಕೆಲಸ ತಾತ್ಕಾಲಿಕ. ತಾತ್ಕಾಲಿಕವಾಗಿಯೇ ಅವನ ತಲೆಗೂದಲು ಅರ್ಧ ಉದುರಿಹೋಗಿತ್ತು. ಕೆಲಸ ಖಾಯಂ ಆಗದೆ ಮದುವೆಯಿಲ್ಲ ಎಂದು ಕೂತಿದ್ದ. ಮನುಷ್ಯ ಅಪ್ಪಟ ಚಿನ್ನ, ಆದರೆ ಅವನಿಗೆ ಪುಸ್ತಕವೂ ಒಂದೇ ಇಟ್ಟಿಗೆಯೂ ಒಂದೇ: ಎತ್ತಬೇಕು, ಜೋಡಿಸಬೇಕು, ದೂಳು ಒರೆಸಬೇಕು. ಒಳಗೇನಿದೆ ಎಂದು ಇಣುಕಿದವನೇ ಅಲ್ಲ. ರಜೆ ಮುಗಿದ ಮೇಲೆ ಲೈಬ್ರರಿ ಸಮಿತಿ ಸೇರಿ ಅವನನ್ನು ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ತೀರ್ಮಾನಿಸಲಿತ್ತು. ಆ ದಿನಕ್ಕೆಂದೇ ಅಕ್ಕ ಅವನಿಗೊಂದು ಹಸಿರು ಅಂಗಿ ಹೊಲಿಯುತ್ತಿದ್ದಳು. ಅದಕ್ಕೊಪ್ಪುವ ಪಾಚಿಬಣ್ಣದ ದಾರವನ್ನು ಅಂಗಡಿ ಅಂಗಡಿ ಅಲೆದು ತಂದಿದ್ದಳು.

ರಜೆಗೆ ಮುಂಚೆ ಬಾಮೈದ ಎರಡು ಹಳೆಯ ಕಾದಂಬರಿ ತಂದು ಮೇಜಿನ ಮೇಲಿಟ್ಟ. “ಭಾವ, ಅರ್ಜೆಂಟು. ಇದು ಜಡ್ಜ್ ಸಾಹೇಬರಿಗೆ, ಇದು ಹಲ್ಲಿನ ಡಾಕ್ಟರಿಗೆ. ರಜೆಗೆ ಓದೋಕೆ ಅಂತ ಆಗಲೇ ಹೇಳಿಟ್ಟಿದಾರೆ.” ಒಂದು ರಜೆಯ ಅಜ್ಜಿಯ ಕೊಲೆ, ಇನ್ನೊಂದು ಕುದುರೆಗಾಡಿ ಕಾಲದ ಕೊಲೆ. ಅಂಟಣ್ಣ ಅಂಟಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಎರಡನ್ನೂ ಎತ್ತಿಕೊಂಡ.

ಹಳೆಯ ಪುಸ್ತಕ ಕಟ್ಟುವುದೆಂದರೆ ಮೊದಲು ಅದನ್ನು ಪೂರ್ತಿ ಬಿಚ್ಚಬೇಕು. ಮಡಿಸಿದ ಹಾಳೆಗಳ ಒಂದೊಂದು ಕಂತೆಗೆ ಫಾರಂ ಎನ್ನುತ್ತಾರೆ. ಫಾರಮ್ಮುಗಳನ್ನು ಒಂದರ ಮೇಲೊಂದಿಟ್ಟು ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಹಾಕಿದರೆ ಮುಗಿಯಿತು. ಮುಗಿಯಿತು ಎನ್ನುವ ಮೊದಲು ಪುಟಗಳನ್ನು ಒಮ್ಮೆ ತಿರುವಿ ನೋಡಬೇಕು ಎನ್ನುವುದು ಕಸುಬಿನ ಮೊದಲ ಪಾಠ. ಅಂಟಣ್ಣ ಎಡಗೈಯಲ್ಲಿ ಫಾರಂ ಹಿಡಿದು ಓದುತ್ತಿದ್ದ, ಬಲಗೈ ತನ್ನಷ್ಟಕ್ಕೆ ಹೊಲಿಯುತ್ತಿತ್ತು. ಅಜ್ಜಿ ಸತ್ತಳು. ಆಚೆ ತಂಗುಮನೆಯಲ್ಲಿ ವ್ಯಾಪಾರಿ ಸತ್ತ. ಎರಡರ ಕೊನೆಯ ಫಾರಂ ಕೈಗೆತ್ತಿಕೊಳ್ಳುವ ಹೊತ್ತಿಗೆ ಬಿಳಿ ದಾರ ಮುಗಿಯಿತು. ಕಣ್ಣು ಪುಟ ಬಿಟ್ಟು ಕದಲಲಿಲ್ಲ. ಕೈ ಮಾತ್ರ ಪಕ್ಕದ ಹೊಲಿಗೆ ಡಬ್ಬಿಗೆ ಹೋಗಿ, ಸಿಕ್ಕಿದ ದಾರವನ್ನು ಎರಡೆಳೆ ಮಾಡಿಕೊಂಡು ಬಂತು. ಅತ್ತ ಹಿಮದ ಮನೆಯಲ್ಲಿ ಟೆಲಿಫೋನಿನ ತಂತಿ ಕತ್ತರಿಸಿದ್ದು ಯಾರೆಂದು ಬಯಲಾಗುತ್ತಿದೆ, ಇತ್ತ ಒಲೆಯ ಮೇಲೆ ಅಂಟು ತಳ ಹತ್ತುತ್ತಿದೆ. ಸೀದ ವಾಸನೆ ಮೂಗಿಗೆ ಬಡಿದಾಗ ಅಂಟಣ್ಣ ಎರಡೂ ಫಾರಂ ಕೆಳಗೆ ಬಿಟ್ಟು ಓಡಿದ. ಪಾತ್ರೆ ಇಳಿಸಿ ಬಂದು ಎರಡನ್ನೂ ಹೆಕ್ಕಿಕೊಂಡ, ಹೊಲಿದ, ಗಂಟು ಹಾಕಿದ, ಅಂಟು ಬಳಿದ. ಒಂದೇ ಅಚ್ಚುಕೂಟದ ಪುಸ್ತಕಗಳು, ಒಂದೇ ಅಳತೆ, ಒಂದೇ ದಪ್ಪ. ಯಾವುದರ ತಲೆಗೆ ಯಾವುದರ ಬಾಲ ಸೇರಿತು ಎನ್ನುವುದು ಓದುಗರಿಗೆ ಈಗಲೇ ತಿಳಿದಿದೆ. ತಿಳಿಯದವನು ಅಂಟಣ್ಣ ಒಬ್ಬನೇ.

ರಜೆ ಮುಗಿಯಿತು. ಅಂಟಣ್ಣ ಕಟ್ಟಿದ ಬೇರೆ ಪುಸ್ತಕಗಳ ಕಂತೆ ಹೊತ್ತುಕೊಂಡು ಲೈಬ್ರರಿಯ ಬಾಗಿಲಿಗೆ ಬಂದಾಗ ಒಳಗೆ ಗುಡುಗು ಕೇಳಿಸಿತು.

“ಯಾರು ಈ ಗಾಡಿಯವನು?” ಜಡ್ಜ್ ಸಾಹೇಬರು ನಿವೃತ್ತರಾಗಿದ್ದರೂ ಅವರ ಗಂಟಲಿಗೆ ನಿವೃತ್ತಿಯಾಗಿರಲಿಲ್ಲ. ಲೈಬ್ರರಿ ಸಮಿತಿಯ ಅಧ್ಯಕ್ಷರೂ ಅವರೇ. “ಇಡೀ ಪುಸ್ತಕದಲ್ಲಿ ಒಂದು ಗಾಡಿ ಇಲ್ಲ, ಒಂದು ಕುದುರೆ ಇಲ್ಲ. ಕಡೇ ಅಧ್ಯಾಯದಲ್ಲಿ ಗಾಡಿಯವನನ್ನ ವಿಚಾರಣೆ ಮಾಡ್ತಾರೆ! ಹಿಮ ಎಲ್ಲಿ ಹೋಯ್ತು? ಅಜ್ಜಿ ಎಲ್ಲಿ ಹೋದ್ಲು?”

“ಸದ್ದು, ಸದ್ದು,” ಎಂದು ಲೈಬ್ರರಿಯಮ್ಮ ಅಳತೆಪಟ್ಟಿಯಿಂದ ಮೇಜು ತಟ್ಟಿದರು. ಇಡೀ ಕಟ್ಟಡದಲ್ಲಿ ಅತಿ ಹೆಚ್ಚು ಸದ್ದು ಮಾಡುವ ವಸ್ತು ಆ ಅಳತೆಪಟ್ಟಿಯೇ.

“ನಿಮಗೆ ಗಾಡಿ ಬಂತಲ್ಲ, ಪುಣ್ಯವಂತರು,” ಎಂದರು ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು. “ನನ್ನದು ರಾಜರ ಕಾಲದ್ದು ಸಾರ್. ಎಣ್ಣೆದೀಪ, ಡೋಲಿ, ಕತ್ತಿ. ಕಡೇಲಿ ನೋಡಿದರೆ ಟೆಲಿಫೋನ್ ತಂತಿ ಕತ್ತರಿಸಿದಾರಂತೆ! ರಾಜನಿಗೇ ಇಲ್ಲದ ಟೆಲಿಫೋನು ತಂಗುಮನೆಗೆ ಎಲ್ಲಿಂದ ಬಂತು?”

ಇಬ್ಬರೂ ಒಬ್ಬರ ಪುಸ್ತಕ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಡ್ಜ್ ಸಾಹೇಬರ ಕೊಲೆಗಾರ ಯಾರೆಂದು ಡಾಕ್ಟರಿಗೆ ಗೊತ್ತು. ಡಾಕ್ಟರ ಕೊಲೆಗಾರ ಯಾರೆಂದು ಜಡ್ಜ್ ಸಾಹೇಬರಿಗೆ ಗೊತ್ತು. ತಮ್ಮದು ಮಾತ್ರ ಇಬ್ಬರಿಗೂ ಗೊತ್ತಿಲ್ಲ. ಡಾಕ್ಟರ ತುಟಿಯ ಅಂಚಿನಲ್ಲಿ ಸಣ್ಣ ನಗೆಯೊಂದು ಮೂಡಿತು.

“ಬಾಯಿ ಬಿಟ್ಟರೆ ನೋಡಿ ಡಾಕ್ಟರೇ,” ಎಂದರು ಜಡ್ಜ್ ಸಾಹೇಬರು, “ನಿಮ್ಮದನ್ನೂ ಇಲ್ಲೇ ಕೂಗಿ ಹೇಳಿಬಿಡ್ತೀನಿ.”

ಅಷ್ಟರಲ್ಲಿ ಅವರ ಕಣ್ಣು ಬಾಗಿಲಲ್ಲಿ ನಿಂತಿದ್ದ ಅಂಟಣ್ಣನ ಮೇಲೆ ಬಿತ್ತು. “ಬಾರಪ್ಪಾ. ಕಟ್ಟಿದವನು ನೀನೇ. ಇದು ಬೈಂಡಿಂಗ್ ತಪ್ಪೋ, ಇನ್ನೇನೋ?”

ಇಲ್ಲಿ ಅಂಟಣ್ಣ, ‘ಇರಬಹುದು ಸಾರ್, ಕೊಡಿ, ಸರಿ ಮಾಡಿ ತರ್ತೀನಿ’ ಎಂದಿದ್ದರೆ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ಬದುಕಿನಲ್ಲಿ ಮೊದಲ ಸಲ ಒಬ್ಬ ನಿಜವಾದ ನ್ಯಾಯಾಧೀಶರು ಒಂದು ನಿಜವಾದ ನಿಗೂಢದ ಬಗ್ಗೆ ಅವನ ಅಭಿಪ್ರಾಯ ಕೇಳಿದ್ದರು. ಅಂಟಣ್ಣ ಕಂತೆ ಕೆಳಗಿಟ್ಟ. ಪುಸ್ತಕವನ್ನು ಬೆಳಕಿಗೆ ಹಿಡಿದ. ಮೂಸಿ ನೋಡಿದ. ಗಂಟಲು ಸರಿಮಾಡಿಕೊಂಡ.

“ನನ್ನ ಕೈಯಲ್ಲಿ ಇದುವರೆಗೆ ಒಂದು ಪುಟ ಹಿಂದುಮುಂದಾಗಿಲ್ಲ ಸಾರ್. ಇದು ತಪ್ಪಲ್ಲ. ಬೇಕೂಂತ ಮಾಡಿದ್ದು.” ಒಂದು ಕ್ಷಣ ತಡೆದು, ತನಗೆ ಅತ್ಯಂತ ಪ್ರಿಯವಾದ ವಾಕ್ಯವನ್ನು ಬಿಟ್ಟ: “ಇದು ಒಳಗಿನವರ ಕೆಲಸ.”

ವಾಕ್ಯ ಬಾಯಿಂದ ಹೊರಟಾಗ ಬಹಳ ಚೆನ್ನಾಗಿತ್ತು. ಆದರೆ ಲೈಬ್ರರಿಯ ಒಳಗಿನವರೆಂದರೆ ಇಬ್ಬರೇ. ಲೈಬ್ರರಿಯಮ್ಮನ ಕಡೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲರ ಕಣ್ಣೂ ಏಣಿಯ ಮೇಲೆ ಬಟ್ಟೆ ಹಿಡಿದು ನಿಂತಿದ್ದ ಬಾಮೈದನ ಕಡೆ ತಿರುಗಿದವು.

“ನಾನಾ?” ಎಂದ ಅವನು ಅಲ್ಲಿಂದಲೇ. “ನಾನು ಪುಸ್ತಕ ತೆರೆಯೋದೇ ಇಲ್ಲ ಸಾರ್!”

“ಲೈಬ್ರರಿಯಲ್ಲಿದ್ದುಕೊಂಡು ಪುಸ್ತಕ ತೆರೆಯದೋನು,” ಎಂದು ಜಡ್ಜ್ ಸಾಹೇಬರು ನಿಧಾನವಾಗಿ ಹೇಳಿದರು. “ಪುಸ್ತಕದ ಮೇಲೆ ದ್ವೇಷ ಇರೋನು. ಇಂಥವನನ್ನ ಖಾಯಂ ಮಾಡೋ ವಿಷಯ ಸೋಮವಾರ ನನ್ನ ಮುಂದೆ ಬರತ್ತೆ.”

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಕರೆದದ್ದೂ ಎಲ್ಲಿಗೆ, ಹೆಂಡತಿಯ ತವರಿಗೆ! ಮಾರಿಯನ್ನು ಹೊರಗೆ ಕಳಿಸಲು ಅಂಟಣ್ಣ ಇನ್ನೊಂದು ಮಾತು ಆಡಿದ, ಅದು ಮೊದಲಿನದಕ್ಕಿಂತ ಕೆಟ್ಟದ್ದು.

“ಸಾರ್, ಆತುರ ಬೇಡ. ಸಾಕ್ಷಿ ಪುಸ್ತಕದ ಒಳಗೇ ಇದೆ. ಬೆನ್ನು ಬಿಚ್ಚಿದರೆ ಹೊಲಿಗೆ ಕಾಣತ್ತೆ. ಹೊಲಿಯೋರ ಕೈಗಂಟು ಒಬ್ಬೊಬ್ಬರದು ಒಂದೊಂದು ಥರ. ಮನುಷ್ಯ ಸುಳ್ಳು ಹೇಳ್ತಾನೆ, ಗಂಟು ಸುಳ್ಳು ಹೇಳಲ್ಲ.”

ಜಡ್ಜ್ ಸಾಹೇಬರು ಕನ್ನಡಕ ತೆಗೆದರು. “ಎಂಥ ಮಾತು ಆಡಿದೆಯಪ್ಪಾ! ಸೋಮವಾರ ಸಭೇಲಿ, ಎಲ್ಲರ ಮುಂದೆ, ನೀನೇ ಬಿಚ್ಚಬೇಕು. ಅಲ್ಲೀವರೆಗೆ ಎರಡೂ ಪುಸ್ತಕ ಸಾಕ್ಷ್ಯ. ಯಾರೂ ಮುಟ್ಟೋ ಹಾಗಿಲ್ಲ.” ಅವರು ಪುಸ್ತಕಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು. ತಮ್ಮ ಅಜ್ಜಿಯನ್ನು ಕೊಂದವರು ಯಾರೆಂಬುದೂ ಅದೇ ಬೀರುವಿನಲ್ಲಿ ಬೀಗಕ್ಕೆ ಬಿತ್ತು ಎನ್ನುವುದು ಅವರಿಗೆ ಬಾಗಿಲು ದಾಟಿದ ಮೇಲೆ ಹೊಳೆಯಿತು. ಹಿಂದಕ್ಕೆ ತಿರುಗಿ ಒಮ್ಮೆ ನೋಡಿ, ನಿಟ್ಟುಸಿರುಬಿಟ್ಟು ಹೋದರು. ನ್ಯಾಯ ಎಂದರೆ ನ್ಯಾಯ.

ಅಂಟಣ್ಣ ತನಿಖೆಗೆ ಇಳಿದ. ಬಾಮೈದನ ಮೇಲೆ ಅವನಿಗೆ ಅನುಮಾನವಿರಲಿಲ್ಲ. ತನ್ನ ಮೇಲಂತೂ ಮೊದಲೇ ಇರಲಿಲ್ಲ. ಉಳಿದವರು ಹಲ್ಲಿನ ಡಾಕ್ಟರು. ಕೈ ಚುರುಕು, ಸಣ್ಣ ಸಣ್ಣ ಆಯುಧಗಳಿವೆ, ಗಾಯ ಹೊಲಿಯುವುದೂ ಗೊತ್ತು. ಮರುದಿನವೇ ಹಲ್ಲುನೋವಿನ ನೆಪ ಮಾಡಿಕೊಂಡು ಅವರ ಕ್ಲಿನಿಕ್ಕಿಗೆ ಹೋದ. ಸುಮ್ಮನೆ ಮಾತಿಗೆಳೆದು ಬಾಯಿ ಬಿಡಿಸುವುದು ಅವನ ಉಪಾಯ. ಆದರೆ ಆ ಕುರ್ಚಿಯಲ್ಲಿ ಬಾಯಿ ಬಿಡಬೇಕಾದವರು ಯಾರು ಎನ್ನುವುದು ಕೂತ ಮೇಲೆ ಗೊತ್ತಾಯಿತು.

“ಅಗಲಿಸಿ. ಇನ್ನೂ.” ಡಾಕ್ಟರು ಕನ್ನಡಿಯನ್ನೂ ಕೊಕ್ಕೆಯನ್ನೂ ಒಳಗೆ ಬಿಟ್ಟರು. “ಬಂದದ್ದು ಒಳ್ಳೇದಾಯ್ತು. ನನಗೊಂದು ಅನುಮಾನ ಇದೆ.”

“ಆ?” ಎಂದ ಅಂಟಣ್ಣ.

“ಈ ಕೆಲಸ ಮಾಡೋಕೆ ಪುಸ್ತಕ ಬಿಚ್ಚೋಕೆ ಬರಬೇಕು. ಮತ್ತೆ ಕಟ್ಟೋಕೆ ಬರಬೇಕು. ಅಂಟು ಕಾಯಿಸೋಕೆ ಬರಬೇಕು. ಈ ಊರಲ್ಲಿ ಅಂಥೋರು ಎಷ್ಟು ಜನ ಇದಾರೆ?”

“ಆ ಆ ಆ,” ಎಂದ ಅಂಟಣ್ಣ. ಯಾರೂ ಇಲ್ಲ ಎಂದು ಹೇಳಲು ಹೊರಟಿದ್ದ. ಅರ್ಧದಲ್ಲೇ ಆ ವಾಕ್ಯದ ಅರ್ಥ ಅವನಿಗೇ ತಟ್ಟಿ, ಬಾಯಿ ತಾನಾಗಿ ಮುಚ್ಚಿಕೊಳ್ಳಲು ಹೋಯಿತು.

“ಕಚ್ಚಬೇಡಿ! ನನ್ನ ಬೆರಳು!” ಡಾಕ್ಟರು ಕೊಕ್ಕೆ ಅಲುಗಿಸದೆ ಇನ್ನಷ್ಟು ಬಗ್ಗಿದರು. “ಹಲ್ಲೆಲ್ಲ ಚೆನ್ನಾಗಿದೆಯಲ್ಲ. ನೋವು ಎಲ್ಲಿ? ಸುಮ್ಮನೆ ಬಂದ್ರಾ? ಯಾಕೆ ಬಂದ್ರಿ? ಬೆವರ್ತಾ ಇದೀರಲ್ಲ?”

ಅಂಟಣ್ಣ ಎದೆಯ ಮೇಲಿನ ಬಟ್ಟೆಯ ಸಮೇತ ಬೀದಿಗೆ ಬಿದ್ದ.

ಸಂಜೆ ಮನೆಯಲ್ಲಿ ಹೆಂಡತಿ ಹೊಲಿಗೆ ಡಬ್ಬಿಯನ್ನು ನೆಲಕ್ಕೆ ಸುರಿದುಕೊಂಡು ಕೂತಿದ್ದಳು. ಗುಂಡಿ, ಸೂಜಿ, ಕತ್ತರಿ ಎಲ್ಲ ಕೋಣೆ ತುಂಬ ಹರಡಿದ್ದವು.

“ರೀ, ಪಾಚಿಬಣ್ಣದ ದಾರ ನೋಡಿದ್ರಾ? ಮುಂದಿನ ಗುಂಡಿಯೆಲ್ಲ ಹೊಲಿದಾಯ್ತು, ತೋಳಿನದು ಎರಡು ಉಳಿದಿದೆ. ಉಂಡೆ ಮಾಯ ಆಗಿದೆ.”

“ಮಾಯ ಆಗಿದೆಯಾ?” ಅಂಟಣ್ಣನೊಳಗಿನ ಪತ್ತೇದಾರ ಬಾಲ ಎತ್ತಿದ. “ಕಡೇ ಸಲ ಅದನ್ನ ಯಾರು, ಎಲ್ಲಿ ನೋಡಿದ್ದು?”

“ಇಲ್ಲೇ ಡಬ್ಬೀಲಿ ಇತ್ತು. ನಿಮ್ಮ ಮೇಜಿನ ಪಕ್ಕ.” ಅವಳು ಬಗ್ಗಿ ಬೈಂಡಿಂಗ್ ಮೇಜಿನ ಕೆಳಗೆ ಕೈಹಾಕಿದಳು. ಒಣಗಿದ ಅಂಟಿನ ಹೆಪ್ಪು ಮೆತ್ತಿಕೊಂಡಿದ್ದ ಉಂಡೆಯೊಂದು ಉರುಳಿ ಬಂತು. ಅದರಲ್ಲಿ ದಾರ ಅರ್ಧವೇ ಉಳಿದಿತ್ತು. “ಇದೇನು, ಅಂಟು? ನೀವು ಮುಟ್ಟಿದ್ರಾ?”

“ನಾನ್ಯಾಕೆ ಮುಟ್ಟಲಿ? ನನ್ನದು ಬಿಳಿ ದಾರ. ಬಿಳಿ ದಾರ ಇಲ್ಲದ ದಿನ ನಾನು...” ಅಂಟಣ್ಣ ನಿಂತ. ಬಿಳಿ ದಾರ ಮುಗಿದ ದಿನ ಯಾವುದು? ಹಿಮದ ಮನೆ. ಟೆಲಿಫೋನಿನ ತಂತಿ. ಸೀದ ವಾಸನೆ. ನೆಲದ ಮೇಲೆ ಬಿದ್ದ ಎರಡು ಫಾರಂ. ಒಂದೊಂದಾಗಿ ಎಲ್ಲವೂ ಬಂದು ಅವನ ಮುಂದೆ ಕೂತವು, ಕೊನೆಯ ಅಧ್ಯಾಯದಲ್ಲಿ ನಂಟರು ಬಂದು ಕೂರುವ ಹಾಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರೆ. ಅಂಟಣ್ಣನ ಹೆಗಲ ಮೇಲೆ ಕುಂಬಳಕಾಯಿಯೇ ಕೂತಿತ್ತು.

ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವಳು ಪತ್ತೇದಾರಿ ಕಾದಂಬರಿ ಓದುವವಳಲ್ಲ. ಈ ಮುಖವನ್ನು ಮಾತ್ರ ಬಹಳ ವರ್ಷದಿಂದ ಓದಿದ್ದಳು.

“ನೀವೇನಾ?”

“ನಾನೇ ಇರಬೇಕು ಕಣೇ.”

“ಮತ್ತೆ ನನ್ನ ತಮ್ಮನ ಮೇಲೆ...”

“ನಾನು ಅವನ ಹೆಸರು ಹೇಳಲಿಲ್ಲ. ಒಳಗಿನವರು ಅಂದೆ ಅಷ್ಟೇ.”

“ಎದ್ದೇಳಿ. ಈಗಲೇ ಜಡ್ಜ್ ಸಾಹೇಬರ ಮನೆಗೆ ಹೋಗಿ ಹೇಳಿ ಬನ್ನಿ. ಅವನು ಊಟ ಬಿಟ್ಟು ಕೂತಿದಾನೆ ಅಲ್ಲಿ.”

ಅಂಟಣ್ಣ ಹೋದದ್ದು ನಿಜ. ಜಡ್ಜ್ ಸಾಹೇಬರು ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ಇವನನ್ನು ಕಂಡದ್ದೇ ನೀರಿನ ಪಾತ್ರೆ ಕೆಳಗಿಟ್ಟು ಭುಜ ತಟ್ಟಿದರು. “ಗಂಟು ಸುಳ್ಳು ಹೇಳಲ್ಲ! ರಾತ್ರಿಯೆಲ್ಲ ಅದೇ ಮಾತು ಕಣಯ್ಯಾ ತಲೇಲಿ. ಇಷ್ಟು ವರ್ಷ ಕೋರ್ಟಲ್ಲಿ ಕೂತೆ, ನಿನ್ನಂಥ ಸಾಕ್ಷಿ ಒಬ್ಬ ಸಿಗಲಿಲ್ಲ. ಮಾಡಿದೋನು ಸಿಕ್ಕಲಿ, ಮತ್ತೆ ಲೈಬ್ರರಿ ಮೆಟ್ಟಿಲು ಹತ್ತದ ಹಾಗೆ ಮಾಡ್ತೀನಿ. ಏನು ಬಂದೆ?”

ಅಂಟಣ್ಣ ಹೂಕುಂಡ ನೋಡಿದ. ಲೈಬ್ರರಿ ಮೆಟ್ಟಿಲು ಹತ್ತದಿದ್ದರೆ ಹರಿದ ಪುಸ್ತಕವಿಲ್ಲ, ಅಜ್ಜಿಯಿಲ್ಲ, ಕುದುರೆಗಾಡಿಯಿಲ್ಲ, ಅನ್ನವೂ ಇಲ್ಲ. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. “ಗಿಡ ಚೆನ್ನಾಗಿ ಬಂದಿದೆ ಸಾರ್,” ಎಂದು ಹೇಳಿ ವಾಪಸು ಬಂದ. ಆ ಸಂಜೆ ಹೆಂಡತಿ ತೋಳಿನ ಗುಂಡಿ ಹೊಲಿದು ಮುಗಿಸಿ, ಅಂಟು ಮೆತ್ತಿದ ಉಂಡೆಯನ್ನು ಗಂಡನ ತಟ್ಟೆಯ ಪಕ್ಕ ಇಟ್ಟಳು.

ಸೋಮವಾರ ಬಂತು. ಬರದೆ ಎಲ್ಲಿಗೆ ಹೋದೀತು? ಓದುವ ಕೋಣೆಯಲ್ಲಿ ಕುರ್ಚಿಗಳನ್ನು ಅರ್ಧಚಂದ್ರದ ಹಾಗೆ ಇಟ್ಟಿದ್ದರು. ಹಾಗಿಡಬೇಕೆಂದು ಮೊದಲ ದಿನವೇ ಹೇಳಿಹೋಗಿದ್ದವನು ಅಂಟಣ್ಣ. ಕೊನೆಯ ಅಧ್ಯಾಯಕ್ಕೆ ಅದೇ ಸರಿ ಎಂದು. ನಡುವೆ ಜಡ್ಜ್ ಸಾಹೇಬರು, ಪಕ್ಕದಲ್ಲಿ ಹಲ್ಲಿನ ಡಾಕ್ಟರು, ಸಮಿತಿಯ ಉಳಿದ ಸದಸ್ಯರು, ಅಳತೆಪಟ್ಟಿ ಹಿಡಿದ ಲೈಬ್ರರಿಯಮ್ಮ. ಗೋಡೆಯ ಪಕ್ಕ ಹಸಿರು ಅಂಗಿಯಲ್ಲಿ ಬಾಮೈದ, ಒಣಗಿದ ತುಟಿ ನೆಕ್ಕಿಕೊಳ್ಳುತ್ತ. ಬಾಗಿಲ ಬಳಿ ಅಕ್ಕ. ಮಧ್ಯದ ಮೇಜಿನ ಮೇಲೆ ಎರಡು ಪುಸ್ತಕ, ಒಂದು ಚೂರಿ.

“ಶುರು ಮಾಡಪ್ಪಾ,” ಎಂದರು ಜಡ್ಜ್ ಸಾಹೇಬರು.

ಅಂಟಣ್ಣ ಎದ್ದುನಿಂತ. ವರ್ಷಗಟ್ಟಲೆ ಕನಸು ಕಂಡ ಗಳಿಗೆ ಇದು. ಸುತ್ತ ಅನುಮಾನಿತರು, ಎದುರಿಗೆ ಸಾಕ್ಷ್ಯ, ಉಸಿರು ಬಿಗಿಹಿಡಿದ ಸಭೆ. ಕನಸಿನಲ್ಲಿ ಮಾತ್ರ ತಪ್ಪಿತಸ್ಥ ಬೇರೆ ಯಾರೋ ಆಗಿರುತ್ತಿದ್ದ.

“ಕೊಲೆಗಾರ...” ಎಂದ. “ಅಲ್ಲ, ತಪ್ಪು ಮಾಡಿದವನು... ಈ ಕೋಣೆಯಲ್ಲೇ ಇದ್ದಾನೆ ಅಂತ ಹೇಳೋಕಾಗಲ್ಲ. ಹೊರಗೂ ಇರಬಹುದು. ಇಲಿ ಇರಬಹುದು.”

“ಇಲಿ ಪುಸ್ತಕ ಹೊಲಿಯತ್ತಾ?” ಎಂದರು ಡಾಕ್ಟರು.

“ಅಚ್ಚುಕೂಟದಲ್ಲೇ ಆಗಿರಬಹುದು. ಹಳೇ ಕಾಲದ ಅಚ್ಚುಕೂಟ, ಪಾಪ, ಈಗ ಕೇಳೋಣ ಅಂದ್ರೆ ಮುಚ್ಚಿಹೋಗಿದೆ. ಮಳೆಗಾಲದಲ್ಲಿ ಹಾಳೆ ಉಬ್ಬಿ ತಾನೇ ಜಾಗ ಬದಲಾಯಿಸಿರಬಹುದು. ಸಾರ್, ನನಗನ್ನಿಸತ್ತೆ, ಬೆನ್ನು ಬಿಚ್ಚೋದು ಬೇಡ. ಹಳೇ ಪುಸ್ತಕ, ನೋವಾಗತ್ತೆ.”

“ಬಿಚ್ಚಯ್ಯಾ!” ಎಂದು ಜಡ್ಜ್ ಸಾಹೇಬರು ಗುಡುಗಿದರು. ಅಳತೆಪಟ್ಟಿ ಟಪ್ಪೆಂದಿತು.

ಚೂರಿ ಹಿಡಿದ ಕೈ ಬೆನ್ನಿನವರೆಗೆ ಹೋಗಿ ಅಲ್ಲೇ ನಿಂತಿತು. ತಾಳ್ಮೆಗೆಟ್ಟ ಜಡ್ಜ್ ಸಾಹೇಬರು ಪುಸ್ತಕವನ್ನು ಕಸಿದುಕೊಂಡು ರಟ್ಟನ್ನು ತಾವೇ ಕಿತ್ತರು. ಒಣಗಿದ ಅಂಟು ಚಟಚಟನೆ ಉದುರಿತು. ಮೊದಲಿಂದ ಬಿಳಿ ಹೊಲಿಗೆ ಸಾಲಾಗಿ ಬಂತು. ಕೊನೆಯ ಫಾರಮ್ಮಿಗೆ ಬಂದಾಗ ಬಣ್ಣ ಬದಲಾಯಿತು.

“ಹಸಿರು,” ಎಂದರು ಜಡ್ಜ್ ಸಾಹೇಬರು.

“ಪಾಚಿಹಸಿರು,” ಎಂದರು ಲೈಬ್ರರಿಯಮ್ಮ, ಬಣ್ಣದ ವಿಷಯದಲ್ಲಿ ತಪ್ಪಾಗಬಾರದೆಂದು.

ಡಾಕ್ಟರು ಮಾತ್ರ ಪುಸ್ತಕವನ್ನು ನೋಡುತ್ತಿರಲಿಲ್ಲ. ಸಣ್ಣ ಸಂದಿಗಳಲ್ಲಿ ಇಣುಕಿ ಅಭ್ಯಾಸವಾದ ಕಣ್ಣು ಅವರದು. ಅದು ಗೋಡೆಯ ಪಕ್ಕದ ಹೊಸ ಅಂಗಿಯ ಮೇಲೆ, ಆ ಅಂಗಿಯ ಗುಂಡಿಗಳ ಮೇಲೆ ನೆಟ್ಟಿತ್ತು. “ಸಾರ್, ಆ ಗುಂಡಿ ಹೊಲಿದಿರೋ ದಾರ ನೋಡಿ. ಇದೇ ಅಲ್ವಾ?”

ಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಬಾಮೈದ ತನ್ನ ಎದೆ ನೋಡಿಕೊಂಡ. ಗುಂಡಿಯನ್ನು ಹಿಡಿದುಕೊಂಡ. ತಲೆಯೆತ್ತಿ ಅಕ್ಕನ ಮುಖ ನೋಡಿದ, ಅದು ಸುಣ್ಣದ ಹಾಗೆ ಬಿಳಿಚಿತ್ತು. ಭಾವನ ಮುಖ ನೋಡಿದ. ಒಂದು ಪುಸ್ತಕವನ್ನೂ ಓದದ ಆ ಮನುಷ್ಯ ಆ ಎರಡು ಮುಖಗಳನ್ನು ಒಂದೇ ನೋಟಕ್ಕೆ ಓದಿಬಿಟ್ಟ.

“ಹೇಳು,” ಎಂದರು ಜಡ್ಜ್ ಸಾಹೇಬರು.

“ಹೌದು ಸಾರ್,” ಎಂದ ಬಾಮೈದ. ದನಿ ಸಣ್ಣದಾಗಿತ್ತು. “ನಾನೇ ಮಾಡಿದ್ದು. ಭಾವನಿಗೆ ಇದು ಗೊತ್ತಿಲ್ಲ.”

ಅಂಟಣ್ಣ ಓದಿದ ನೂರಾರು ಕೊನೆಯ ಅಧ್ಯಾಯಗಳಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಅಲ್ಲಿ ತಪ್ಪಿತಸ್ಥರು ನಿರಾಕರಿಸುತ್ತಿದ್ದರು, ಕಿಟಕಿಯಿಂದ ಹಾರುತ್ತಿದ್ದರು, ಶಾಪ ಹಾಕುತ್ತಿದ್ದರು. ತಪ್ಪೇ ಮಾಡದವನೊಬ್ಬ ಹೊಸ ಅಂಗಿ ಹಾಕಿಕೊಂಡು ಬಂದು, ಭಾವನ ಅನ್ನ ಉಳಿಯಲಿ ಎಂದು ತನ್ನ ಅನ್ನವನ್ನು ತೆಗೆದು ಮೇಜಿನ ಮೇಲಿಡುತ್ತಿರಲಿಲ್ಲ. ಅಂಟಣ್ಣನಿಗೆ ತುಂಬ ನಾಚಿಕೆಯಾಯಿತು.

“ಸುಳ್ಳು!” ಎಂದು ಕೂಗಿದ. ಅಳತೆಪಟ್ಟಿ ಎದ್ದಿತು, ಆದರೆ ತಟ್ಟುವುದನ್ನು ಮರೆಯಿತು. “ಇವನು ಹೇಳ್ತಿರೋದು ಶುದ್ಧ ಸುಳ್ಳು ಸಾರ್. ದಾರ ನೋಡಿದ್ರಿ, ಗಂಟು ನೋಡಿದ್ರಾ? ನಾನೇನು ಹೇಳಿದ್ದೆ? ಕೊಡಿ ಇಲ್ಲಿ!”

ಪುಸ್ತಕ ಅವನ ಕೈಗೆ ಬಂತು. ಬಂದದ್ದೇ ಕೊನೆಯ ಫಾರಮ್ಮನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

“ಈ ಗಂಟು ನೋಡಿ. ಎರಡು ಸುತ್ತು, ಎಡಗಡೆಗೆ. ಎಲ್ಲರೂ ಬಲಗಡೆಗೆ ಸುತ್ತುತಾರೆ. ಎಡಗೈಯಲ್ಲಿ ಏನೋ ಹಿಡಿದುಕೊಂಡು, ಬಲಗೈ ಒಂದರಲ್ಲೇ ಗಂಟು ಹಾಕೋನಿಗೆ ಮಾತ್ರ ಇದು ಹೀಗೆ ಬರತ್ತೆ. ಎಡಗೈಯಲ್ಲಿ ಏನಿತ್ತು? ಪುಸ್ತಕ! ಹೊಲೀತಾ ಓದ್ತಿದ್ದ! ಓದದೇ ಇರೋ ಈ ಮಹಾಪುರುಷ ಇದನ್ನ ಮಾಡೋಕೆ ಸಾಧ್ಯವಾ? ಇನ್ನು ಈ ಅಂಟು. ಮೂಸಿ ನೋಡಿ ಡಾಕ್ಟರೇ. ಸೀದಿದೆ! ಅಂಟು ಸೀಯೋವರೆಗೆ ಮೈಮರೆತು ಕೂತಿದ್ದ. ಯಾವುದರಲ್ಲಿ ಮೈಮರೆತಿದ್ದ? ಟೆಲಿಫೋನ್ ತಂತಿ ಕತ್ತರಿಸೋ ಜಾಗದಲ್ಲಿ! ಬಿಳಿ ದಾರ ಮುಗಿದ್ರೆ ಹೆಂಡತಿ ಡಬ್ಬಿಗೆ ಕೈ ಹಾಕೋ ಅಷ್ಟು ಹತ್ತಿರದ ಸಂಬಂಧ ಯಾರಿಗಿದೆ? ಪುಟ ತಿರುವಿ ನೋಡೋ ಕಸುಬಿನ ಮೊದಲ ಪಾಠವನ್ನೇ ಮರೆತು, ಮೇಲಿಂದ ಇದು ಒಳಗಿನವರ ಕೆಲಸ ಅಂತ ಲೈಬ್ರರಿ ನಡುವೆ ನಿಂತು ಜಂಬ ಕೊಚ್ಚಿದ ಆ ಮೂರ್ಖ, ಸಾರ್, ಆ ಶತಮೂರ್ಖ ಈ ಕೋಣೆಯಲ್ಲೇ ಇದ್ದಾನೆ!”

ಎಂದು ಬೆರಳೆತ್ತಿ, ಅರ್ಧಚಂದ್ರದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ತಿರುಗಿಸಿ, ಕೊನೆಗೆ ತನ್ನ ಎದೆಗೇ ಚುಚ್ಚಿಕೊಂಡ.

ಯಾರೋ ಒಬ್ಬ ಸದಸ್ಯರು ಚಪ್ಪಾಳೆ ತಟ್ಟಿಬಿಟ್ಟು, ತಟ್ಟಬಾರದಿತ್ತೇನೋ ಎಂದು ಕೈ ಕೆಳಗಿಳಿಸಿದರು. ಡಾಕ್ಟರು ಪುಸ್ತಕ ಮೂಸಿ, “ಹೌದು, ಸೀದಿದೆ,” ಎಂದರು. ಬಾಗಿಲ ಬಳಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ತಮ್ಮನಿಗಾಗಿಯೋ ಗಂಡನಿಗಾಗಿಯೋ ಅವಳಿಗೂ ಸರಿಯಾಗಿ ತಿಳಿಯಲಿಲ್ಲ.

ಜಡ್ಜ್ ಸಾಹೇಬರು ಅಂಟಣ್ಣನನ್ನು ನೋಡಿದರು. ಗುಂಡಿ ಹಿಡಿದುಕೊಂಡೇ ನಿಂತಿದ್ದ ಬಾಮೈದನನ್ನು ನೋಡಿದರು.

“ತೀರ್ಪು,” ಎಂದರು ಕೊನೆಗೆ. “ಅಂಟಣ್ಣನನ್ನ ಲೈಬ್ರರಿ ಮೆಟ್ಟಿಲು ಹತ್ತಿಸಬಾರದು ಅಂತಿದ್ದೆ. ಆದರೆ ಇವನಷ್ಟು ಚೆನ್ನಾಗಿ ತನ್ನ ಮೇಲೇ ವಾದ ಮಾಡಿದೋರನ್ನ ನಾನು ನೋಡಿಲ್ಲ. ಕಟ್ಟೋ ಕೆಲಸ ಇವನಿಗೇ ಇರಲಿ. ಆದರೆ ಓದ್ತಾ ಓದ್ತಾ ಪುಸ್ತಕ ಕಟ್ಟೋ ಮನುಷ್ಯ ಈ ಊರಲ್ಲಿ ಇರೋವರೆಗೆ, ಇವನು ಕಟ್ಟಿದ್ದನ್ನ ಪುಟ ಪುಟ ತಿರುವಿ ನೋಡೋಕೆ ಓದೋ ಚಟ ಇಲ್ಲದ ಒಬ್ಬ ಮನುಷ್ಯ ಬೇಕೇ ಬೇಕು. ಅದೂ ತಾತ್ಕಾಲಿಕವಾಗಿ ಅಲ್ಲ. ಈ ರೋಗ ತಾತ್ಕಾಲಿಕದ್ದಲ್ಲ. ಸಹಾಯಕನ ಕೆಲಸ ಖಾಯಂ.” ಅವರು ಎದ್ದರು. “ಈಗ ಕೊಡಿ ಆ ಇನ್ನೊಂದು ಪುಸ್ತಕನ. ನನ್ನ ಅಜ್ಜಿ ಅದರ ಹೊಟ್ಟೇಲಿದಾಳೆ.”

ಡಾಕ್ಟರೂ ಎದ್ದರು. ಅಜ್ಜಿಯನ್ನು ಕೊಂದವರು ಯಾರೆಂದು ಜಡ್ಜ್ ಸಾಹೇಬರು ಅಲ್ಲೇ ನಿಂತು ಓದಿಕೊಂಡರು; ಡಾಕ್ಟರು ಆ ಕಿತ್ತ ಪುಸ್ತಕದಿಂದ ತಮ್ಮ ಗಾಡಿಯವನ ವಿಚಾರಣೆ ಮುಗಿಸಿಕೊಂಡರು. ಇಬ್ಬರೂ ಒಟ್ಟಿಗೆ “ಛೆ, ಇವನಾ?” ಎಂದರು. ಲೈಬ್ರರಿಯಮ್ಮ ಸದ್ದು ಎನ್ನಲಿಲ್ಲ. ಅವರೂ ಹಿಂದಿನಿಂದ ಬಗ್ಗಿ ಓದುತ್ತಿದ್ದರು. ಕೊಂದವರು ಯಾರೆಂದು ಇಲ್ಲಿ ಹೇಳುವುದಿಲ್ಲ, ಓದುಗರ ಶಾಪ ಯಾರಿಗೆ ಬೇಕು?

ಮರುದಿನವೇ ಎರಡೂ ಪುಸ್ತಕ ಅಂಟಣ್ಣನ ಮೇಜಿಗೆ ಮರಳಿ ಬಂದವು. ಹೆಂಡತಿ ತನ್ನ ಹೊಲಿಗೆ ಡಬ್ಬಿಯನ್ನು ಒಳಕೋಣೆಗೆ ಒಯ್ದು ಬೀಗ ಹಾಕಿ, “ಓದಿದ್ರೆ ನೋಡಿ,” ಎಂದು ಹೇಳಿ ಹೋದಳು. ಅಂಟಣ್ಣ ಓದಲಿಲ್ಲ. ಹಲ್ಲು ಕಚ್ಚಿ, ಕಣ್ಣನ್ನು ಸೂಜಿಗೆ ನೆಟ್ಟು, ಅಚ್ಚ ಬಿಳಿ ದಾರದಲ್ಲಿ ಹೊಲಿದು ಮುಗಿಸಿ, ಒಂದೊಂದಾಗಿ ಎದುರಿಗಿಟ್ಟ. ಎದುರಿಗೆ ಕೂತಿದ್ದವನು ಖಾಯಂ ಸಹಾಯಕ, ಪುಟ ನೋಡುವ ಅಧಿಕಾರಿ. ಅವನು ಹಿಮದ ಮನೆಯ ಪುಸ್ತಕ ಎತ್ತಿಕೊಂಡು, ಬೆರಳಿಗೆ ಎಂಜಲು ಹಚ್ಚಿ, ಒಂದನೇ ಪುಟದಿಂದ ಗಂಭೀರವಾಗಿ ತಿರುವತೊಡಗಿದ.

ಅಂಟಣ್ಣ ಒಲೆಯ ಮೇಲೆ ಅಂಟಿಟ್ಟು ಬಾಮೈದನಿಗೆ ಹೇಳಿದ: “ನಾನು ರಟ್ಟು ಕತ್ತರಿಸಿಕೊಂಡು ಬರ್ತೀನಿ. ಅಂಟು ಸ್ವಲ್ಪ ನೋಡ್ಕೋ.”

“ಹೂಂ,” ಎಂದ ಬಾಮೈದ.

ಅಂಟಣ್ಣ ಹಿತ್ತಲಲ್ಲಿ ಕೂತು ರಟ್ಟು ಕತ್ತರಿಸಿದ. ಅಂಚು ನೇರ ಮಾಡಿದ. ಸ್ವಲ್ಪ ಹೊತ್ತಾದ ಮೇಲೆ ಗಾಳಿಯಲ್ಲಿ ತನಗೆ ಬಹಳ ಪರಿಚಯದ ವಾಸನೆಯೊಂದು ಬಂತು. ಓಡಿಬಂದು ನೋಡಿದರೆ ಪಾತ್ರೆಯಿಂದ ಹೊಗೆ ಏಳುತ್ತಿತ್ತು. ಪುಟ ತಿರುವುವ ಬೆರಳು ಒಂದೇ ಪುಟದ ಮೇಲೆ ನಿಂತಿತ್ತು.

“ಲೋ! ಅಂಟು! ಪುಟ ಎಲ್ಲಾ ಸರಿಯಾಗಿದೆಯಾ ನೋಡಿದ್ಯಾ?”

“ಸುಮ್ನಿರಿ ಭಾವ,” ಎಂದ ಬಾಮೈದ, ತಲೆಯೆತ್ತದೆ. “ಆ ಮನೇಲಿ ಈಗ ಯಾರೋ ಟೆಲಿಫೋನ್ ತಂತಿ ಕತ್ತರಿಸ್ತಾ ಇದಾರೆ.”